ಎಡ್ ರಾಬರ್ಟ್ಸ್ ಅಂದ್ರೆ ಯಾವ ಎಡ್ ರಾಬರ್ಟ್ಸ್? ಒಂದು ಕ್ವಿಜ್ ಟಿಪ್ಪಣಿಯ ಪ್ರಕರಣ ಅಧ್ಯಯನ

ಕ್ವಿಜ್ ನಡೆಸುವ ಗೆಳೆಯರೊಬ್ಬರಿಗೆ ಪ್ರಶ್ನೆಗಳನ್ನು ತಿದ್ದಿಕೊಡುವ ಕೆಲಸ ನನ್ನದು. ಸಂಬಳ ಇಲ್ಲ, ಕಾಫಿ ಉಂಟು. ಅವರು ಒಬ್ಬೊಬ್ಬ ವ್ಯಕ್ತಿಯ ಬಗ್ಗೆ ಆರೇಳು ಸಾಲಿನ ಟಿಪ್ಪಣಿ ಮಾಡಿ ಕಳಿಸುತ್ತಾರೆ. ಅದು ಸರಿ ಅಂತ ನಾನು ಹೇಳಿದ ಮೇಲೆ ಪ್ರಶ್ನೆ ಹುಟ್ಟುತ್ತದೆ. ‘ಕಂಪ್ಯೂಟರ್ ಚರಿತ್ರೆ’ ಸುತ್ತಿಗೆ ಬಂದ ಟಿಪ್ಪಣಿಗಳಲ್ಲಿ ಒಂದು ಹೀಗಿತ್ತು:

“ಎಡ್ ರಾಬರ್ಟ್ಸ್. ಹುಟ್ಟಿದ್ದು 1939ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 14ನೇ ವಯಸ್ಸಿನಲ್ಲಿ ಪೋಲಿಯೊ. ಮಿಟ್ಸ್ ಎಂಬ ಕಂಪನಿ ಕಟ್ಟಿ, 1975ರಲ್ಲಿ ಆಲ್ಟೇರ್ 8800 ಕಂಪ್ಯೂಟರ್ ಹೊರತಂದರು. ಇವರ ಗಣಕ ಯಂತ್ರ ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಗೂ ನೆರವಾಗಿತ್ತು. 1984ರಲ್ಲಿ ಮೆಕಾರ್ಥರ್ ಫೆಲೊಶಿಪ್. ನಿಧನ 1995. ಗಮನಿಸಿ: ಜಾರ್ಜಿಯಾದ ಡಾಕ್ಟರ್ ಎಡ್ ರಾಬರ್ಟ್ಸ್ ಬೇರೆ ವ್ಯಕ್ತಿ.”

ಓದಿದರೆ ಚೆನ್ನಾಗಿಯೇ ಇದೆ, ಅಲ್ವಾ? ಊರು, ಇಸವಿ, ಪ್ರಶಸ್ತಿ ಎಲ್ಲ ಉಂಟು. ಬರೆದವರು ಜಾಗರೂಕರು ಅಂತ ತೋರಿಸುವ ಹಾಗೆ ಕೊನೆಗೊಂದು ಷರಾ ಕೂಡ ಹಾಕಿದ್ದಾರೆ.

ಇದರಲ್ಲಿ ಕಟ್ಟುಕಥೆ ಅನ್ನುವ ಸಾಲು ಒಂದೂ ಇಲ್ಲ. ಕೊನೆಯದೊಂದು ಬಿಟ್ಟರೆ ಪ್ರತಿಯೊಂದೂ ಯಾರೋ ಒಬ್ಬ ರಾಬರ್ಟ್ಸ್ ಪಾಲಿಗೆ ನಿಜ. ಮೂರು ಜನರ ಬದುಕನ್ನು ಕತ್ತರಿಸಿ ಒಂದೇ ಅಂಗಿ ಹೊಲಿದಿದ್ದಾರೆ, ಅಷ್ಟೇ. ನಿಜಕ್ಕೂ ತಪ್ಪಾಗಿರುವ ಸಾಲು ಒಂದೇ: ಎಚ್ಚರಿಕೆಯಿಂದ ಹಾಕಿದ ಆ ಕೊನೆಯ ಷರಾ. ಜಾರ್ಜಿಯಾದ ಡಾಕ್ಟರ್ ಬೇರೆ ವ್ಯಕ್ತಿ ಅಲ್ಲ. ಆಲ್ಟೇರ್ ಮಾಡಿದವರೇ ಆ ಡಾಕ್ಟರ್.

ಅಂದ್ರೆ ಒಂದೇ ಟಿಪ್ಪಣಿಯಲ್ಲಿ ಎರಡು ಥರದ ತಪ್ಪು ಒಟ್ಟಿಗೆ ಇತ್ತು. ಮೂವರನ್ನು ಸೇರಿಸಿ ಒಬ್ಬರನ್ನು ಮಾಡಿದ್ದು ಒಂದು, ಒಬ್ಬರನ್ನೇ ಸೀಳಿ ಇಬ್ಬರನ್ನು ಮಾಡಿದ್ದು ಇನ್ನೊಂದು. ಒಂದೇ ಹೆಸರಿನ ಗೊಂದಲ ಅಂದ ಕೂಡಲೇ ನಮಗೆ ಮೊದಲನೆಯದು ಮಾತ್ರ ನೆನಪಾಗುತ್ತದೆ. ಎರಡನೆಯದನ್ನು ಹಿಡಿಯುವುದೇ ಜಾಸ್ತಿ ಕಷ್ಟ. ಯಾಕೆಂದರೆ ಅದು ತಪ್ಪಿನ ಹಾಗೆ ಕಾಣುವುದಿಲ್ಲ, ಜಾಣತನದ ಹಾಗೆ ಕಾಣುತ್ತದೆ.

ಎಳೆ ಸಿಕ್ಕಿದ್ದು ಎಲ್ಲಿ

ನಾರ್ಮಂಡಿ ಸಾಲಿನಲ್ಲಿ. ದಾಳಿ ನಡೆದದ್ದು 1944ರ ಜೂನ್ 6ರಂದು. 1939ರಲ್ಲಿ ಹುಟ್ಟಿದ ಹುಡುಗನಿಗೆ ಆಗ 5 ವರ್ಷ. ಐದು ವರ್ಷದ ಮಗುವಿನ ಗಣಕ ಯಂತ್ರ ಹಿಡಿದುಕೊಂಡು ಮಿತ್ರ ಪಡೆಗಳು ಫ್ರಾನ್ಸಿಗೆ ಇಳಿದವು ಅಂತ ಆಯ್ತು. ಗೆಳೆಯರಿಗೆ ಫೋನ್ ಮಾಡಿ ಇದನ್ನು ಹೇಳಿದೆ. “ಏನ್ ಮಾರಾಯ, ಅದನ್ನು ನಾನು ನೋಡಲೇ ಇಲ್ಲ. ಯಂತ್ರ, ರಾಬರ್ಟ್ಸ್, ಎರಡೂ ಇತ್ತು, ಹಾಕಿದೆ” ಅಂದರು. ಯಂತ್ರ, ರಾಬರ್ಟ್ಸ್. ಇಷ್ಟೇ ಸಾಕಾಗುತ್ತದೆ ಗೊಂದಲಕ್ಕೆ.

ಆ ಸಾಲು ಸೇರಬೇಕಾದ್ದು ಇಂಗ್ಲೆಂಡಿನ ಎಡ್ವರ್ಡ್ ರಾಬರ್ಟ್ಸ್ ಅವರಿಗೆ. ಹುಟ್ಟು 1845, ಸಾವು 1933. ಬ್ರಿಟನ್ನಿನ ನಾವಿಕ ಪಂಚಾಂಗ ಸಿದ್ಧಪಡಿಸುವ ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಹಾಕುವ ನೌಕರಿ. ಆ ಕಾಲದಲ್ಲಿ ಇಂಥ ಕೆಲಸದವರನ್ನೇ ಕಂಪ್ಯೂಟರ್ ಅಂತ ಕರೆಯುತ್ತಿದ್ದರು. ಕಾಗದ, ಲೇಖನಿ, ಲಾಗರಿದಮ್ ಕೋಷ್ಟಕ ಹಿಡಿದು ದಿನವಿಡೀ ಕೂತು ಲೆಕ್ಕ ಮಾಡುವವರು. ಇವರಿಗೆ ಗಂಟು ಬಿದ್ದದ್ದು ಸಮುದ್ರದ ಉಬ್ಬರವಿಳಿತದ ಲೆಕ್ಕ.

ಕರಾವಳಿಯವರಿಗೆ ಭರತ ಇಳಿತ ಹೊಸದೇನಲ್ಲ. ಆದರೆ ಇಂಥ ಬಂದರಿನಲ್ಲಿ ಮುಂದಿನ ವರ್ಷ ಇಂಥ ದಿನ ಇಷ್ಟು ಗಂಟೆಗೆ ನೀರು ಇಷ್ಟು ಅಡಿ ಏರುತ್ತದೆ ಅಂತ ಮೊದಲೇ ಹೇಳಬೇಕಾದರೆ ತಲೆ ಕೆಡುತ್ತದೆ. ಚಂದ್ರನ ಎಳೆತದ ಮುಖ್ಯ ಅಲೆ 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ, ಸೂರ್ಯನದು 12 ಗಂಟೆಗೊಮ್ಮೆ. ಅದರ ಮೇಲೆ ಚಂದ್ರ ಹತ್ತಿರ ಬಂದು ದೂರ ಹೋಗುವುದರಿಂದ ಹುಟ್ಟುವ ಅಲೆ, ಸಮಭಾಜಕದ ಮೇಲೆ ಕೆಳಗೆ ಓಡಾಡುವುದರಿಂದ ಹುಟ್ಟುವ ಅಲೆ, ಹೀಗೆ ಹತ್ತಾರು. ಒಂದೊಂದು ಬಂದರಿಗೂ ಒಂದೊಂದು ಅಲೆಯ ಎತ್ತರ ಬೇರೆ. ಅಷ್ಟನ್ನೂ ಪ್ರತಿ ಗಂಟೆಗೂ ಕೂಡಿಸುತ್ತಾ ಹೋಗಬೇಕು.

ಇದಕ್ಕೆ ಯಂತ್ರ ಮಾಡಬಹುದು ಅಂತ ಹೊರಟವರು ಸರ್ ವಿಲಿಯಂ ಥಾಮ್ಸನ್. ಇವರೇ ಮುಂದೆ ಲಾರ್ಡ್ ಕೆಲ್ವಿನ್ ಆದವರು. ನೋಡಿ, ಒಬ್ಬರಿಗೆ ಎರಡು ಹೆಸರು. 1881ರ ಥಾಮ್ಸನ್ ಬೇರೆ, 1892ರ ನಂತರದ ಕೆಲ್ವಿನ್ ಬೇರೆ ಅಂದುಕೊಂಡ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ, ಎಲೆಕ್ಟ್ರಾನ್ ಕಂಡುಹಿಡಿದ ಥಾಮ್ಸನ್ ಇವರೇ ಅಂದುಕೊಂಡವರನ್ನೂ ನೋಡಿದ್ದೇನೆ. ಇರಲಿ. ಅವರ ಮೊದಲ ಯಂತ್ರ 1872–73ರದ್ದು. ಅದರ ಹಲ್ಲುಚಕ್ರಗಳ ಲೆಕ್ಕ ರಾಬರ್ಟ್ಸ್ ಅವರದ್ದು.

ಯಂತ್ರ ಕೆಲಸ ಮಾಡುವ ಬಗೆ ಕೇಳಿ. ಒಂದೊಂದು ಅಲೆಗೆ ಒಂದೊಂದು ರಾಟೆ. ಆ ಅಲೆಯ ವೇಗಕ್ಕೆ ಸರಿಯಾಗಿ ರಾಟೆ ಮೇಲೆ ಕೆಳಗೆ ಆಡುತ್ತದೆ, ಎಷ್ಟು ಎತ್ತರಕ್ಕೆ ಆಡಬೇಕು ಅನ್ನುವುದನ್ನು ಬಂದರಿಗೆ ತಕ್ಕ ಹಾಗೆ ಹೊಂದಿಸಬೇಕು. ಒಂದೇ ತಂತಿ ಎಲ್ಲ ರಾಟೆಗಳ ಮೇಲೆ ಕೆಳಗೆ ಹಾದು ಬರುತ್ತದೆ. ತಂತಿಯ ಒಂದು ತುದಿ ಗಟ್ಟಿಯಾಗಿ ಕಟ್ಟಿದೆ, ಇನ್ನೊಂದು ತುದಿಗೆ ಬರೆಯುವ ಮುಳ್ಳು. ಹಿಡಿಕೆ ತಿರುಗಿಸಿದರೆ ಅಷ್ಟೂ ರಾಟೆ ತಮ್ಮ ತಮ್ಮ ಪಾಡಿಗೆ ಏರಿಳಿಯುತ್ತವೆ, ತಂತಿ ಅವೆಲ್ಲದರ ಮೊತ್ತವನ್ನು ಮುಳ್ಳಿಗೆ ಮುಟ್ಟಿಸುತ್ತದೆ, ಮುಳ್ಳು ಕಾಗದದ ಸುರುಳಿಯ ಮೇಲೆ ಸಮುದ್ರದ ಗೆರೆ ಎಳೆಯುತ್ತದೆ. ಕೂಡುವ ಲೆಕ್ಕವನ್ನು ತಂತಿಯೇ ಮಾಡುತ್ತದೆ. ಒಂದು ಬಂದರಿನ ಇಡೀ ವರ್ಷದ ಉಬ್ಬರವಿಳಿತ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಯುತ್ತಿತ್ತು.

1879ರಲ್ಲಿ ಎರಡನೇ ಯಂತ್ರ ಬಂತು. ಇದರ ಹೊಣೆ ಹೊತ್ತವರು ರಾಬರ್ಟ್ಸ್, ತಯಾರಿಸಿದ್ದು ಲಂಡನ್ನಿನ ಲೆಗೆ ಕಂಪನಿ, ದುಡ್ಡು ಕೊಟ್ಟದ್ದು ಲಂಡನ್ನಿನಿಂದ ಹಿಂದೂಸ್ತಾನದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸು. ಕಾರಣ, ಅದು ಬೇಕಿದ್ದದ್ದೇ ಹಿಂದೂಸ್ತಾನದ ಬಂದರುಗಳಿಗೆ. ಇಲ್ಲಿ ಸರ್ವೇ ಇಲಾಖೆಯ ಬೇರ್ಡ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಬಂದರು ಬಂದರಿಗೆ ನೀರಿನ ಮಟ್ಟ ದಾಖಲಿಸುವ ಕೇಂದ್ರ ಹಾಕುತ್ತಿದ್ದರು. ಕರಾಚಿ, ಮುಂಬೈ, ಬೇಪೂರು, ಮದ್ರಾಸು. ಆ ಸಾಲಿನಲ್ಲಿ ನಮ್ಮ ಕಾರವಾರವೂ ಇದೆ. ಕಂಪ್ಯೂಟರ್ ಚರಿತ್ರೆಯ ಸುತ್ತಿನಲ್ಲಿ ಕಾರವಾರದ ಹೆಸರು ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಗೆಳೆಯರಂತೂ ಕುರ್ಚಿಯಿಂದ ಎದ್ದೇಬಿಟ್ಟರಂತೆ, ಅವರ ಅಜ್ಜಿ ಮನೆ ಅಲ್ಲೇ.

ಯಾರು ಎಷ್ಟು ಮಾಡಿದರು ಅನ್ನುವ ಜಗಳವೂ ಆಯ್ತು. 1881ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಥಾಮ್ಸನ್ ಈ ಯಂತ್ರಗಳ ಬಗ್ಗೆ ಪ್ರಬಂಧ ಓದಿದಾಗ, ರಾಬರ್ಟ್ಸ್ ತಮ್ಮ ಪಾಲಿನ ಬಗ್ಗೆ ಬಾಯಿ ಬಿಟ್ಟೇ ಹೇಳಿದರು. ಆಮೇಲೆ 1906–08ರಲ್ಲಿ ಇನ್ನೂ ದೊಡ್ಡ ಯಂತ್ರವನ್ನು ತಾವೇ ಮಾಡಿಸಿದರು. ಅದಕ್ಕೆ ಈಗ ರಾಬರ್ಟ್ಸ್–ಲೆಗೆ ಯಂತ್ರ ಅಂತಲೇ ಹೆಸರು. 1929ರಲ್ಲಿ ಅದು ಲಿವರ್‌ಪೂಲಿನ ಉಬ್ಬರವಿಳಿತ ಸಂಸ್ಥೆಗೆ ಹೋಯಿತು. ನಾರ್ಮಂಡಿಯ ಉಬ್ಬರವಿಳಿತದ ಲೆಕ್ಕವನ್ನು ಆ ಸಂಸ್ಥೆಯ ಆರ್ಥರ್ ಡೂಡ್ಸನ್ ಮಾಡಿದ್ದು ಇದರ ಮೇಲೆ ಮತ್ತು ಒಂದು ಕೆಲ್ವಿನ್ ಯಂತ್ರದ ಮೇಲೆ. ಯುದ್ಧ ಕಾಲದಲ್ಲಿ ಎರಡು ಯಂತ್ರಗಳನ್ನೂ ಕಟ್ಟಡದ ಎರಡು ತುದಿಯಲ್ಲಿ ಇಟ್ಟಿದ್ದರು, ಒಂದು ಬಾಂಬಿಗೆ ಎರಡೂ ಹೋಗದಿರಲಿ ಅಂತ.

ಅಷ್ಟು ಹೊತ್ತಿಗೆ ರಾಬರ್ಟ್ಸ್ ತೀರಿಕೊಂಡು 11 ವರ್ಷ. ಟಿಪ್ಪಣಿಯಲ್ಲಿ ಬರೆದದ್ದು “ಇವರ ಗಣಕ ಯಂತ್ರ” ಅಂತ, “ಇವರು” ಅಂತ ಅಲ್ಲ. ಹಾಗಾಗಿ ಸಾಲು ನಿಜವೇ. ಜಾಗ ಮಾತ್ರ ತಪ್ಪು.

ಇದಾದ ಮೇಲೆ ನಾನು ಗೆಳೆಯರಿಗೆ ಹೇಳಿದ್ದು ಒಂದೇ. ‘ಕಂಪ್ಯೂಟರ್ ರಾಬರ್ಟ್ಸ್’ ಅಂತ ಗುರುತು ಹಾಕಿಕೊಂಡರೆ ಸಾಲದು. ಕಂಪ್ಯೂಟರ್ ರಾಬರ್ಟ್ಸ್‌ಗಳೇ ಇಬ್ಬರಿದ್ದಾರೆ, ಅವರ ನಡುವೆ ಸುಮಾರು ನೂರು ವರ್ಷದ ಅಂತರ.

ಬರ್ಕ್‌ಲಿಯ ಎಡ್

ಈಗ 1939ರವರು. ಪೂರ್ತಿ ಹೆಸರು ಎಡ್ವರ್ಡ್ ವರ್ನ್ ರಾಬರ್ಟ್ಸ್. ಇವರು ಕಂಪ್ಯೂಟರ್ ಮಾಡಿದವರಲ್ಲ, ಎಂಜಿನಿಯರೂ ಅಲ್ಲ. ರಾಜಕೀಯ ಶಾಸ್ತ್ರ ಓದಿದವರು. ಆದರೂ ಇವರ ಬಗ್ಗೆ ನಾಲ್ಕು ಮಾತು ಜಾಸ್ತಿ ಬರೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಪೋಲಿಯೊ ಬಂದದ್ದು 1953ರಲ್ಲಿ. ಸಾಲ್ಕ್ ಲಸಿಕೆ ಜನರಿಗೆ ಸಿಕ್ಕಿದ್ದು 1955ರಲ್ಲಿ. ಎರಡೇ ವರ್ಷದ ಅಂತರ. ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಎಲ್ಲ ನಿಂತುಹೋಯಿತು, ಒಂದು ಕೈಯ ಎರಡು ಬೆರಳು ಮತ್ತು ಕೆಲವು ಕಾಲ್ಬೆರಳು ಬಿಟ್ಟು. ಉಸಿರಾಟಕ್ಕೆ ಕಬ್ಬಿಣದ ಶ್ವಾಸಕೋಶ ಅನ್ನುವ ದೊಡ್ಡ ಕೊಳವೆ. ಅದರೊಳಗೆ ಮೈಯಿಟ್ಟು ಮಲಗಬೇಕು, ತಲೆ ಮಾತ್ರ ಹೊರಗೆ. ಒಳಗಿನ ಗಾಳಿಯ ಒತ್ತಡ ಏರಿಳಿಸಿ ಎದೆಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ತೂಕ 300 ಕೆಜಿಗೂ ಮೇಲೆ. ಅದರಿಂದ ಹೊರಗೆ ಇರುವ ಹೊತ್ತಿಗೆ ಅವರು ಕಪ್ಪೆಯ ಹಾಗೆ ಉಸಿರಾಡುವುದನ್ನು ಕಲಿತರು. ಗಾಳಿಯನ್ನು ಬಾಯಿಗೆ ತುಂಬಿಕೊಂಡು ಗುಟುಕು ಗುಟುಕಾಗಿ ಗಂಟಲಿನಿಂದ ಒಳಗೆ ತಳ್ಳುವುದು. ಮಾತಾಡುತ್ತಾ ಮಾತಾಡುತ್ತಾ ಅದನ್ನೂ ಮಾಡಬೇಕು.

ಈ ಹುಡುಗ ತರಕಾರಿಯ ಹಾಗೆ ಬಿದ್ದಿರುತ್ತಾನೆ ಅಂತ ವೈದ್ಯರೊಬ್ಬರು ತಾಯಿಗೆ ಹೇಳಿದ್ದರಂತೆ. ತರಕಾರಿಯೇ ಆಗಬೇಕಾದರೆ ಆರ್ಟಿಚೋಕ್ ಆಗುತ್ತೇನೆ, ಹೊರಗೆ ಮುಳ್ಳು, ಒಳಗೆ ಮೆತ್ತಗೆ, ಅಂತ ಇವರು ಮುಂದೆ ಹೇಳಿಕೊಂಡು ನಗುತ್ತಿದ್ದರು. ಹೈಸ್ಕೂಲನ್ನು ಟೆಲಿಫೋನ್ ಮೂಲಕ ಪಾಠ ಕೇಳಿ ಮುಗಿಸಿದರು. ಸರ್ಟಿಫಿಕೇಟ್ ಕೊಡುವ ಹೊತ್ತಿಗೆ ತಕರಾರು: ವ್ಯಾಯಾಮದ ತರಗತಿ ಆಗಿಲ್ಲ, ಕಾರು ಓಡಿಸುವ ತರಬೇತಿ ಆಗಿಲ್ಲ! ತಾಯಿ ಝೋನಾ ಹೋಗಿ ಮೇಲಿನವರ ಜೊತೆ ಜಗಳ ಆಡಿ ತಂದರು.

1962ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯ ಸೇರಿದರು. ಕಬ್ಬಿಣದ ಶ್ವಾಸಕೋಶ ಹಿಡಿಸುವ ಹಾಸ್ಟೆಲ್ ರೂಮು ಎಲ್ಲಿದೆ? ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯಲ್ಲೇ ವಾಸ. ಹಿಂದೆಯೇ ಇನ್ನೂ ಕೆಲವರು ಬಂದರು, ಆ ವಾರ್ಡೇ ಹಾಸ್ಟೆಲ್ ಆಯಿತು. ‘ರೋಲಿಂಗ್ ಕ್ವಾಡ್ಸ್’ (ಗಾಲಿ ಮೇಲೆ ಉರುಳುವ, ಕೈಕಾಲು ಸ್ವಾಧೀನ ಇಲ್ಲದವರು) ಅಂತ ತಮಗೆ ತಾವೇ ಹೆಸರಿಟ್ಟುಕೊಂಡು ಗಲಾಟೆ ಶುರು ಮಾಡಿದರು. ಅದರ ಮುಂದುವರಿಕೆಯೇ 1972ರಲ್ಲಿ ಬರ್ಕ್‌ಲಿಯಲ್ಲಿ ಶುರುವಾದ ಸ್ವತಂತ್ರ ಬದುಕಿನ ಕೇಂದ್ರ. ಅಂಗವಿಕಲರ ಕೇಂದ್ರವನ್ನು ಅಂಗವಿಕಲರೇ ನಡೆಸುವುದು ಅನ್ನುವ ಮಾತು ಅಲ್ಲಿಂದ ಬೇರೆ ಬೇರೆ ದೇಶಕ್ಕೆ ಹೋಯಿತು. ಇವರು ಕಾಲೇಜು ಸೇರುವಾಗ, ಈ ಹುಡುಗ ಮುಂದೆ ನೌಕರಿ ಮಾಡುವುದು ಆಗದ ಮಾತು ಅಂತ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಮೊದಲು ಹಣ ಕೊಡಲು ಒಪ್ಪಿರಲಿಲ್ಲ. 1970ರ ದಶಕದ ನಡುವೆ ಗವರ್ನರ್ ಜೆರ್ರಿ ಬ್ರೌನ್ ಅದೇ ಇಲಾಖೆಗೆ ಇವರನ್ನೇ ನಿರ್ದೇಶಕರನ್ನಾಗಿ ನೇಮಿಸಿದರು. ಕುರ್ಚಿಗೆ ಹೋಗಿ ಕೂರುವ ಪ್ರಮೇಯವೂ ಇರಲಿಲ್ಲ, ಕುರ್ಚಿ ಅವರ ಜೊತೆಗೇ ಬಂತು.

1983ರಲ್ಲಿ ಜೂಡಿತ್ ಹ್ಯೂಮನ್, ಜೋನ್ ಲಿಯಾನ್ ಜೊತೆ ಇನ್ನೊಂದು ಸಂಸ್ಥೆ, 1984ರಲ್ಲಿ ಮೆಕಾರ್ಥರ್ ಫೆಲೊಶಿಪ್, 1995ರ ಮಾರ್ಚ್ 14ರಂದು ನಿಧನ. ಟಿಪ್ಪಣಿಯ ಹುಟ್ಟು, ಪೋಲಿಯೊ, ಫೆಲೊಶಿಪ್, ಸಾವು, ಎಲ್ಲ ಇವರದ್ದು.

ಆಲ್ಬುಕರ್ಕಿಯ ಎಡ್, ಜಾರ್ಜಿಯಾದ ಡಾಕ್ಟರ್

ಆಲ್ಟೇರ್ ಮಾಡಿದವರ ಪೂರ್ತಿ ಹೆಸರು ಹೆನ್ರಿ ಎಡ್ವರ್ಡ್ ರಾಬರ್ಟ್ಸ್. ಹುಟ್ಟಿದ್ದು 1941ರ ಸೆಪ್ಟೆಂಬರ್ 13ರಂದು, ಫ್ಲಾರಿಡಾದ ಮಯಾಮಿಯಲ್ಲಿ. ಅಪ್ಪ ಮನೆಬಳಕೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು, ಅಮ್ಮ ನರ್ಸ್. ಈ ಎರಡು ವಿವರವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಹುಡುಗನಿಗೆ ಮೊದಲು ಆಸೆ ಇದ್ದದ್ದು ಡಾಕ್ಟರ್ ಆಗಬೇಕು ಅಂತ. ಎಲೆಕ್ಟ್ರಾನಿಕ್ಸ್ ಹುಚ್ಚಿದ್ದ ಒಬ್ಬ ನರರೋಗ ಶಸ್ತ್ರವೈದ್ಯರು, ಮೊದಲು ಎಂಜಿನಿಯರಿಂಗ್ ಮುಗಿಸು ಅಂದರು. ಮದುವೆ ಆಯಿತು, ಸಂಸಾರದ ಹೊರೆ ಬಂತು, ಏರ್‌ಫೋರ್ಸ್ ಸೇರಿದರು. ಅಲ್ಲಿದ್ದುಕೊಂಡೇ 1968ರಲ್ಲಿ ಒಕ್ಲಹೋಮಾದಲ್ಲಿ ಎಂಜಿನಿಯರಿಂಗ್ ಡಿಗ್ರಿ ಮುಗಿಸಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಬಂದರು.

1969ರಲ್ಲಿ ಅಲ್ಲೇ ಮೂವರು ಜೊತೆಗಾರರೊಂದಿಗೆ ಮಿಟ್ಸ್ ಶುರುವಾಯಿತು. ಮೊದಲು ಆಟಿಕೆ ರಾಕೆಟ್ಟಿಗೆ ಹಾಕುವ ಪುಟ್ಟ ರೇಡಿಯೊ ಉಪಕರಣ, ಆಮೇಲೆ ನಾವೇ ಜೋಡಿಸಿಕೊಳ್ಳುವ ಕ್ಯಾಲ್ಕುಲೇಟರ್ ಕಿಟ್. ಕ್ಯಾಲ್ಕುಲೇಟರ್ ಚೆನ್ನಾಗಿ ಓಡಿತು. ಓಡುತ್ತಿರುವಾಗಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಥರದ ದೊಡ್ಡ ಕಂಪನಿಗಳು ಬಂದು ಬೆಲೆಯನ್ನು ನೆಲ ಕಚ್ಚಿಸಿದವು. 1974ರ ಹೊತ್ತಿಗೆ ಮಿಟ್ಸ್ ಮೇಲೆ 3 ಲಕ್ಷ ಡಾಲರಿಗೂ ಮೇಲೆ ಸಾಲ. ಅಂಥ ಹೊತ್ತಿನಲ್ಲಿ ಬ್ಯಾಂಕಿಗೆ ಹೋಗಿ ಇನ್ನೂ 65,000 ಡಾಲರ್ ಸಾಲ ಕೇಳಿ ತಂದರು. ಯಾವುದಕ್ಕೆ? ಜನಸಾಮಾನ್ಯರು ಮನೆಯಲ್ಲಿಟ್ಟುಕೊಳ್ಳುವ ಕಂಪ್ಯೂಟರ್ ಮಾಡುವುದಕ್ಕೆ.

ಬಿಡಿಯಾಗಿ 360 ಡಾಲರ್ ಇದ್ದ ಇಂಟೆಲ್ 8080 ಚಿಪ್ಪನ್ನು, ಸಗಟಿನಲ್ಲಿ ತಗೊಳ್ಳುತ್ತೇನೆ ಅಂತ ಚೌಕಾಸಿ ಮಾಡಿ 75 ಡಾಲರಿಗೆ ಇಳಿಸಿದರು. ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆ 1975ರ ಜನವರಿ ಸಂಚಿಕೆಯ ಮುಖಪುಟ ಕೊಡಲು ಒಪ್ಪಿತು. ಇದ್ದದ್ದು ಒಂದೇ ಮಾದರಿ, ಅದನ್ನು ನ್ಯೂಯಾರ್ಕಿಗೆ ರೈಲ್ವೆ ಪಾರ್ಸೆಲ್ ಹಾಕಿದರು. ಪಾರ್ಸೆಲ್ ದಾರಿಯಲ್ಲೇ ಕಳೆದುಹೋಯಿತು! ಇನ್ನೊಂದು ಮಾಡಲು ಟೈಮಿಲ್ಲ. ಮುಂದೆ ಸ್ವಿಚ್ಚು, ದೀಪ ಕೂರಿಸಿ, ಒಳಗೆ ಏನೂ ಇಲ್ಲದ ಖಾಲಿ ಡಬ್ಬ ಕಳಿಸಿದರು. ಚರಿತ್ರೆಯ ಪುಸ್ತಕಗಳಲ್ಲಿ ನೀವು ನೋಡುವ ಆ ಪ್ರಸಿದ್ಧ ಮುಖಪುಟದ ಫೋಟೊ ಆ ಖಾಲಿ ಡಬ್ಬದ್ದು.

ಕಿಟ್ಟಿನ ಬೆಲೆ ಶುರುವಿನಲ್ಲಿ 397 ಡಾಲರ್. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಮೆಮೊರಿ 256 ಬೈಟ್. ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಎಂಟುನೂರು ಹೋದರೆ ಪುಣ್ಯ ಅಂದುಕೊಂಡಿದ್ದರು, ಕೆಲವೇ ತಿಂಗಳಲ್ಲಿ ಸಾವಿರಗಟ್ಟಲೆ ಆರ್ಡರ್. ಅದೇ ಮುಖಪುಟ ನೋಡಿ ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ ಆಲ್ಟೇರ್‌ಗೆ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ ಬರೆದರು, ಅಲೆನ್ ಅದನ್ನು ಆಲ್ಬುಕರ್ಕಿಗೆ ವಿಮಾನದಲ್ಲಿ ಹೊತ್ತು ತಂದರು, 1975ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟ್ ಹುಟ್ಟಿತು. ಆಲ್ಟೇರನ್ನು “ಮೊದಲ ಪರ್ಸನಲ್ ಕಂಪ್ಯೂಟರ್” ಅಂತ ಬರೆಯುವುದು ಮಾತ್ರ ನನಗೆ ಇಷ್ಟವಿಲ್ಲ. 1971ರ ಕೆನ್‌ಬ್ಯಾಕ್-1 ಇದೆ, 1973ರ ಫ್ರಾನ್ಸಿನ ಮಿಕ್ರಾಲ್ ಇದೆ. ಟಿಪ್ಪಣಿ ಬರೆದವರು ‘ಮೊದಲ’ ಅನ್ನುವ ಪದ ಹಾಕಿರಲಿಲ್ಲ, ಅದಕ್ಕೊಂದು ಶಹಬ್ಬಾಸ್.

1977ರಲ್ಲಿ ರಾಬರ್ಟ್ಸ್ ಮಿಟ್ಸ್ ಕಂಪನಿಯನ್ನು ಪರ್ಟೆಕ್‌ಗೆ ಮಾರಿದರು. ಬೆಲೆ 60 ಲಕ್ಷ ಡಾಲರ್, ಶೇರಿನ ರೂಪದಲ್ಲಿ. ದುಡ್ಡು ತಗೊಂಡು ಜಾರ್ಜಿಯಾದ ಹಳ್ಳಿಗೆ ಹೋಗಿ ಜಮೀನು ಮಾಡಿದರು.

ಹೆಚ್ಚಿನ ಬರಹಗಳು ಇಲ್ಲಿಗೆ ಇವರನ್ನು ಬಿಟ್ಟುಬಿಡುತ್ತವೆ. ಗೇಟ್ಸ್ ಮತ್ತು ಅಲೆನ್ ಕಥೆ ಮುಂದೆ ಓಡಬೇಕಲ್ಲ. ಕಂಪ್ಯೂಟರ್ ಚರಿತ್ರೆಯ ಮಟ್ಟಿಗೆ ಎಡ್ ರಾಬರ್ಟ್ಸ್ 1977ರಲ್ಲಿ ಕಾಣೆಯಾಗುತ್ತಾರೆ. ಅತ್ತ ಜಾರ್ಜಿಯಾದಲ್ಲಿ 1982ರಲ್ಲಿ ಮರ್ಸರ್ ವಿಶ್ವವಿದ್ಯಾಲಯ ಹೊಸದಾಗಿ ಮೆಡಿಕಲ್ ಕಾಲೇಜು ತೆರೆಯುತ್ತದೆ. ಅದರ ಮೊದಲ ಬ್ಯಾಚಿನಲ್ಲಿ ನಲವತ್ತು ದಾಟಿದ ವಿದ್ಯಾರ್ಥಿ ಒಬ್ಬರು. 1986ರಲ್ಲಿ ಎಂಡಿ, 1988ರಿಂದ ಕಾಕ್ರನ್ ಅನ್ನುವ ಸಣ್ಣ ಪೇಟೆಯಲ್ಲಿ ಕ್ಲಿನಿಕ್. ಅಲ್ಲಿಯವರಿಗೆ ಇವರು ಡಾಕ್ಟರ್ ರಾಬರ್ಟ್ಸ್, ಬಿಪಿ ನೋಡುವ ಡಾಕ್ಟರ್, ಅಷ್ಟೇ.

ನಮ್ಮ ಟಿಪ್ಪಣಿಯವರಿಗೆ ಈ ಡಾಕ್ಟರ್ ಸಿಕ್ಕಿದ್ದಾರೆ. ಸಿಕ್ಕಿದಾಗ ಅವರು ಮಾಡಿದ ತರ್ಕ ಸಹಜವೇ: ಕಂಪ್ಯೂಟರ್ ಎಂಜಿನಿಯರ್ ಎಲ್ಲಿ, ಹಳ್ಳಿ ಡಾಕ್ಟರ್ ಎಲ್ಲಿ, ಇವರು ಬೇರೆಯೇ ಇರಬೇಕು. ವೃತ್ತಿ ಬೇರೆ, ಊರು ಬೇರೆ, ಕಾಲವೂ ಬೇರೆ. ಪೋಲಿಯೊ ಎಡ್ ಮತ್ತು ಆಲ್ಟೇರ್ ಎಡ್ ನಡುವೆ ಇದ್ದದ್ದಕ್ಕಿಂತ ದೊಡ್ಡ ಕಂದಕ ಆಲ್ಟೇರ್ ಎಡ್ ಮತ್ತು ಡಾಕ್ಟರ್ ಎಡ್ ನಡುವೆ ಕಾಣಿಸಿತು. ಹಾಗಾಗಿ ಆ ಇಬ್ಬರನ್ನು ಸೇರಿಸಿ, ಈ ಒಬ್ಬರನ್ನು ಒಡೆದರು.

ಯಾಕೆ ಇಷ್ಟು ಸಲೀಸಾಗಿ ಬೆರೆತುಹೋದರು

ಹೆಸರು ಒಂದೇ ಆಗಿದ್ದರಿಂದ ಮಾತ್ರ ಇದು ಆಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲೊಬ್ಬ, ಕೇರಳದಲ್ಲೊಬ್ಬ ಒಂದೇ ಹೆಸರಿನವರು ಇದ್ದರೆ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಈ ಇಬ್ಬರು ಎಡ್‌ಗಳ ಬದುಕು ಅಕ್ಕಪಕ್ಕದಲ್ಲೇ ಓಡುತ್ತದೆ. ಹುಟ್ಟಿನಲ್ಲಿ ಎರಡೂವರೆ ವರ್ಷದ ಅಂತರ. ಇಬ್ಬರೂ ಹೆಸರು ಮಾಡಿದ್ದು 1970ರ ದಶಕದಲ್ಲಿ. 1977ರ ಏಪ್ರಿಲಿನಲ್ಲಿ ಅಂಗವಿಕಲರ ಹಕ್ಕಿಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದೊಳಗೆ ಮೂರು ವಾರಕ್ಕೂ ಮೇಲೆ ಧರಣಿ ನಡೆಯಿತು, ಬರ್ಕ್‌ಲಿಯ ಎಡ್ ಅದರ ಬೆನ್ನಿಗೆ ನಿಂತು ಭಾಷಣ ಮಾಡಿದರು. ಮುಂದಿನ ತಿಂಗಳೇ ಇನ್ನೊಬ್ಬ ಎಡ್ ಕಂಪನಿ ಮಾರಿದ ವ್ಯವಹಾರ ಮುಗಿಯಿತು. ಆಲ್ಟೇರ್ ಸುತ್ತ ಹುಟ್ಟಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ 1975ರ ಮಾರ್ಚ್ 5ರಂದು ನಡೆದದ್ದು ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ, ಬರ್ಕ್‌ಲಿಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಒಬ್ಬರನ್ನು ಪರ್ಸನಲ್ ಕಂಪ್ಯೂಟರಿನ ಪಿತಾಮಹ ಅಂತಾರೆ, ಇನ್ನೊಬ್ಬರನ್ನು ಸ್ವತಂತ್ರ ಬದುಕಿನ ಚಳವಳಿಯ ಪಿತಾಮಹ ಅಂತಾರೆ. (ಪಿತಾಮಹ ಅನ್ನುವ ಬಿರುದನ್ನು ಹತ್ತು ವರ್ಷ ಯಾರಿಗೂ ಕೊಡಬಾರದು ಅಂತ ಕಾನೂನು ಮಾಡಿದರೆ ಅರ್ಧ ಗೊಂದಲ ತಾನಾಗಿ ನಿಲ್ಲುತ್ತದೆ.) ವಾಷಿಂಗ್ಟನ್ನಿನ ಒಂದೇ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಆಲ್ಟೇರ್ 8800 ಕೂಡ ಇದೆ, ಬರ್ಕ್‌ಲಿ ಎಡ್ ಅವರ ಗಾಲಿಕುರ್ಚಿಯೂ ಇದೆ.

2010 ಇನ್ನೂ ಕೆಟ್ಟ ವರ್ಷ. ಏಪ್ರಿಲ್ 1ರಂದು ಹೆನ್ರಿ ಎಡ್ವರ್ಡ್ ನ್ಯುಮೋನಿಯಾದಿಂದ ತೀರಿಕೊಂಡರು, 68 ವರ್ಷ. ಅದೇ ವರ್ಷ ಬರ್ಕ್‌ಲಿಯಲ್ಲಿ ಆಶ್ಬಿ ರೈಲು ನಿಲ್ದಾಣದ ಪಕ್ಕ ‘ಎಡ್ ರಾಬರ್ಟ್ಸ್ ಕ್ಯಾಂಪಸ್’ ತಲೆಯೆತ್ತಿತು. ನಡುಮಧ್ಯದಲ್ಲಿ ಸುರುಳಿ ಸುತ್ತಿ ಮೇಲೇರುವ ದೊಡ್ಡ ಕೆಂಪು ಇಳಿಜಾರು ದಾರಿ, ಗಾಲಿಕುರ್ಚಿಯವರು ಯಾರ ಹಂಗೂ ಇಲ್ಲದೆ ಮಹಡಿಗೆ ಹೋಗುವ ಹಾಗೆ. ಒಂದು ಎಡ್ ರಾಬರ್ಟ್ಸ್ ಸಾವಿನ ಸುದ್ದಿ, ಇನ್ನೊಂದು ಎಡ್ ರಾಬರ್ಟ್ಸ್ ಸ್ಮಾರಕದ ಸುದ್ದಿ, ಎರಡೂ ಒಂದೇ ವರ್ಷ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ ಅಂತ ನನ್ನ ಅನಿಸಿಕೆ. ಬೆರೆಸಿದ ಕಥೆ ಅಸಲಿ ಕಥೆಗಿಂತ ರುಚಿಯಾಗಿದೆ. ಪೋಲಿಯೊದಿಂದ ಮಲಗಿದ ಹುಡುಗ ಎರಡು ಬೆರಳಿನಲ್ಲಿ ಸ್ವಿಚ್ಚು ಒತ್ತಿ ಜಗತ್ತಿಗೆ ಕಂಪ್ಯೂಟರ್ ಕೊಟ್ಟ! ಇಂಥದ್ದನ್ನು ಓದಿದವರು ಕಣ್ಣೊರೆಸಿಕೊಂಡು ಮುಂದಿನವರಿಗೆ ಕಳಿಸುತ್ತಾರೆ, ಇಸವಿ ಕೂಡಿಸಿ ನೋಡುವುದಿಲ್ಲ. ಇದರಿಂದ ನಿಜವಾದ ಬರ್ಕ್‌ಲಿ ಎಡ್ ಅವರಿಗೆ ಅನ್ಯಾಯ ಆಗುತ್ತದೆ. ಅವರ ಇಡೀ ವಾದವೇ ಇದಕ್ಕೆ ತದ್ವಿರುದ್ಧ. ಅಂಗವಿಕಲರು ಏನೋ ಪವಾಡ ಮಾಡಿ ತೋರಿಸಬೇಕಾಗಿಲ್ಲ, ರಸ್ತೆ, ಮೆಟ್ಟಿಲು, ಬಸ್ಸು, ಕಾನೂನು ಸರಿ ಮಾಡಿ ಸಾಕು ಅನ್ನುವುದು ಅವರ ಮಾತು.

ಬಿಡಿಸಿದ್ದು ಹೇಗೆ

ಇಬ್ಬರು ಬೇರೆ ಅಂತ ತೋರಿಸಲು ಒಂದು ಗಟ್ಟಿ ವಿರೋಧ ಸಾಕು. 1953ರಿಂದ ಉಸಿರಾಟಕ್ಕೆ ಯಂತ್ರ ಬೇಕಾಗಿದ್ದವರು 1960ರ ದಶಕದಲ್ಲಿ ಏರ್‌ಫೋರ್ಸಿನಲ್ಲಿ ಇರಲು ಸಾಧ್ಯವಿಲ್ಲ. ಮುಗಿಯಿತು. ಇದಕ್ಕೆ ಜಾಸ್ತಿ ತಲೆ ಓಡಿಸಬೇಕಿಲ್ಲ.

ಇಬ್ಬರು ಒಂದೇ ಅಂತ ತೋರಿಸಲು ಹಾಗಲ್ಲ. ಹೆಸರು ಒಂದೇ, ವಯಸ್ಸು ಸರಿಸುಮಾರು ಒಂದೇ ಅಂದರೆ ಒಪ್ಪಬಾರದು, ಆ ದಾರಿಯಲ್ಲೇ ತಾನೇ ಮೊದಲ ತಪ್ಪು ಆಗಿದ್ದು. ಎರಡೂ ಬದುಕು ಒಂದೇ ಕಡೆ ಸಿಗುವ ಕೊಂಡಿ ಬೇಕು. ಡಾಕ್ಟರ್ ರಾಬರ್ಟ್ಸ್ ವಿಷಯದಲ್ಲಿ ಅಂಥ ಕೊಂಡಿ ಅವರ ಸಾವಿನ ಸುದ್ದಿಯಲ್ಲೇ ಇತ್ತು. ಆಲ್ಟೇರ್, ಮಿಟ್ಸ್, ಮರ್ಸರ್ ಕಾಲೇಜು, ಕಾಕ್ರನ್ ಕ್ಲಿನಿಕ್, ಎಲ್ಲವೂ ಒಂದೇ ಬರಹದಲ್ಲಿ. ಕೊನೆಯ ದಿನಗಳಲ್ಲಿ ಬಿಲ್ ಗೇಟ್ಸ್ ಜಾರ್ಜಿಯಾಕ್ಕೆ ಹೋಗಿ ಆಸ್ಪತ್ರೆಯಲ್ಲಿ ಅವರನ್ನು ನೋಡಿ ಬಂದರು, ಅಲೆನ್ ಜೊತೆ ಸೇರಿ ಸಂತಾಪದ ಹೇಳಿಕೆಯನ್ನೂ ಕೊಟ್ಟರು. ಹಳ್ಳಿಯ ಯಾವುದೋ ಡಾಕ್ಟರಿಗೆ ಗೇಟ್ಸ್ ಸುಮ್ನೆ ಹೋಗುತ್ತಾರಾ? ರಿಪೇರಿ ಮಾಡುವ ಅಪ್ಪ, ನರ್ಸ್ ಅಮ್ಮ, ಹುಡುಗನಾಗಿದ್ದಾಗಿನ ಡಾಕ್ಟರ್ ಆಸೆ, ಇವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎಂಜಿನಿಯರ್ ಮತ್ತು ಡಾಕ್ಟರ್ ನಡುವಿನ ಕಂದಕ ಅಷ್ಟೇನೂ ಅಗಲ ಅಲ್ಲ.

ನಮ್ಮಲ್ಲಿ ಇನಿಷಿಯಲ್ಲಿನ ಅಭ್ಯಾಸ ಇರುವುದರಿಂದ ಒಂದು ಅನುಕೂಲ ಉಂಟು. ಒಂದೇ ಊರಿನ ನಾಲ್ಕು ಮಂಜುನಾಥರನ್ನು ಅಪ್ಪನ ಹೆಸರು, ಊರಿನ ಹೆಸರಿನ ಅಕ್ಷರ ಹಾಕಿ ಬೇರೆ ಮಾಡುತ್ತೇವೆ. ಎಚ್. ಎಡ್ವರ್ಡ್ ರಾಬರ್ಟ್ಸ್ ಅಂತ ಬರೆದರೆ ಒಬ್ಬರು, ಎಡ್ವರ್ಡ್ ವಿ. ರಾಬರ್ಟ್ಸ್ ಅಂತ ಬರೆದರೆ ಇನ್ನೊಬ್ಬರು. ‘ಎಡ್’ ಅಂತ ಪ್ರೀತಿಯಿಂದ ಮೊಟಕು ಮಾಡಿದಾಗ ಆ ಅಕ್ಷರ ಉದುರಿಹೋಗುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ. ಲೈಬ್ರರಿಯವರು ಹೆಸರಿನ ಮುಂದೆ ಹುಟ್ಟಿದ, ಸತ್ತ ಇಸವಿ ಹಾಕುವುದು ಇದೇ ಕಾರಣಕ್ಕೆ. ನಾವೂ ಅದನ್ನೇ ಮಾಡಿದೆವು. ಒಂದು ಟಿಪ್ಪಣಿ ಹರಿದು ಮೂರು ಕಾರ್ಡ್: 1845–1933, 1939–1995, 1941–2010. ‘ಗಮನಿಸಿ’ ಸಾಲಿಗೆ ಗೀಟು ಹೊಡೆದೆವು. ಕಂಪ್ಯೂಟರ್ ಸುತ್ತಿಗೆ ಖಾಲಿ ಡಬ್ಬದ ಮುಖಪುಟದ ಪ್ರಶ್ನೆ ಹೋಯಿತು, ಕಾರವಾರದ ಪ್ರಶ್ನೆಯನ್ನು ಗೆಳೆಯರು ಯಾರಿಗೂ ಬಿಟ್ಟುಕೊಡದೆ ಕೊನೆಯ ಸುತ್ತಿಗೆ ಎತ್ತಿಟ್ಟುಕೊಂಡರು.

ಕಾರ್ಡುಗಳನ್ನು ಕಟ್ಟಿ ಇಡುವಾಗ ಅವರದ್ದೇ ಇನ್ನೊಂದು ಫೋನ್. “ಈ ಎಡ್ ರಾಬರ್ಟ್ಸ್ ಎಂಐಟಿಯಲ್ಲಿ ಪ್ರೊಫೆಸರ್ ಆಗಿದ್ದರಂತಲ್ಲ, ಹೊಸ ಕಂಪನಿ ಕಟ್ಟುವುದನ್ನು ಕಲಿಸುತ್ತಿದ್ದರಂತೆ, ಅದನ್ನು ಮೂರನೇ ಕಾರ್ಡಿಗೆ ಸೇರಿಸಲಾ?” ಸೇರಿಸಬೇಡಿ ಅಂದೆ. ಅವರು ಎಡ್ವರ್ಡ್ ಬಿ. ರಾಬರ್ಟ್ಸ್, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಮ್ಯಾನೇಜ್‌ಮೆಂಟ್ ಶಾಲೆಯವರು, ತಂತ್ರಜ್ಞಾನದ ಕಂಪನಿಗಳು ಹುಟ್ಟುವ ಬಗೆಯನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು. ಮಿಟ್ಸ್‌ಗೂ ಎಂಐಟಿಗೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಸಾಲದ್ದಕ್ಕೆ, ಮಿಟ್ಸ್ ಶುರುವಾದಾಗ ಹೆಸರು ಎಂಐಟಿಯನ್ನು ನೆನಪಿಸುವ ಹಾಗಿರಲಿ ಅಂತಲೇ ಅದನ್ನು ಹುಡುಕಿ ಇಟ್ಟಿದ್ದರು. ನಾಲ್ಕನೇ ಕಾರ್ಡ್ ಮಾಡಿದೆವು.